ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ: 12345654321

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಬಾಯಲ್ಲಿ ಹೇಳುವಾಗ ಈ ಸಂಖ್ಯೆಯಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅಂಕಿಗಳಲ್ಲಿ ಬರೆದಾಗ ಅದರ ರೂಪ ತಿಳಿಯುತ್ತದೆ: 12345654321. ಒಂದರಿಂದ ಹೊರಟು ಒಂದೊಂದೇ ಏರುತ್ತ ಆರನ್ನು ಮುಟ್ಟಿ, ಬಂದ ದಾರಿಯಲ್ಲೇ ಇಳಿದು ಮತ್ತೆ ಒಂದರಲ್ಲಿ ನಿಲ್ಲುವ ಹನ್ನೊಂದು ಅಂಕಿಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ.

ಈ ಸಂಖ್ಯೆಗೆ ಕರ್ನಾಟಕದ ನೆಲದ ನಂಟು ಇದೆ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಅದು ಬರುತ್ತದೆ. ಗ್ರಂಥದ ಆರಂಭದಲ್ಲಿ ಅವರು ಕೊಂಡಾಡುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಅದು ಹೊರಜಗತ್ತಿನ ಗಣಿತಜ್ಞರಿಗೂ ಪರಿಚಯವಾಯಿತು.

ಮಹಾವೀರರು ಈ ಸಂಖ್ಯೆಯನ್ನು ಹೆಸರಿಸುವ ರೀತಿಯೇ ಗಮನಾರ್ಹ. ಕೋಟಿ, ಲಕ್ಷ, ಸಾವಿರ ಎಂದು ಅದರ ಬೆಲೆಯನ್ನು ಅವರು ಹೇಳುವುದಿಲ್ಲ. ಒಂದರಿಂದ ತೊಡಗಿ ಆರರವರೆಗೆ ಹೋಗಿ, ಅನಂತರ ಅದೇ ಕ್ರಮದಲ್ಲಿ ಕಡಿಮೆಯಾಗುವ ಸಂಖ್ಯೆ ಎಂದು ಅದರ ಆಕಾರವನ್ನು ಹೇಳುತ್ತಾರೆ. ಅಂಕಿ ಕುಳಿತ ಸ್ಥಾನವೇ ಅದರ ಬೆಲೆಯನ್ನು ನಿರ್ಧರಿಸುವ ಬರಹ ಓದುಗರಿಗೆ ಚೆನ್ನಾಗಿ ಪಳಗಿದ್ದರೆ ಮಾತ್ರ ಇಂಥ ವರ್ಣನೆ ಅರ್ಥವಾಗುತ್ತದೆ. ಅದೇ ಗ್ರಂಥದಲ್ಲಿ ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳಿವೆ. ಆ ಪಟ್ಟಿಯಂತೆ ಹನ್ನೊಂದನೆಯ ಸ್ಥಾನ ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ ಒಂದು ಕೂತಿರುವುದು ಅಲ್ಲಿ.

ಸಂಖ್ಯೆ ಬರುವುದು ಒಂದು ಗುಣಾಕಾರದ ಉತ್ತರವಾಗಿ: 27994681ನ್ನು 441ರಿಂದ ಗುಣಿಸಬೇಕು. ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕ ಇದು. ನಾನೂರರಿಂದ ಗುಣಿಸಿದರೆ 11197872400, ನಲವತ್ತರಿಂದ 1119787240, ಒಂದರಿಂದ ಅದೇ 27994681. ಈ ಮೂರು ಸಾಲುಗಳಲ್ಲಿ ಯಾವುದರಲ್ಲೂ ಮುಂದೆ ಬರುವ ಉತ್ತರದ ಸುಳಿವಿಲ್ಲ. ಮೂರನ್ನೂ ಕೂಡಿಸಿದಾಗ 12345654321 ಮೂಡುತ್ತದೆ. ಇಂಥ ಸೊಗಸಾದ ಉತ್ತರಗಳನ್ನು ಮಹಾವೀರರು ಕೊರಳಿನ ಹಾರಕ್ಕೆ ಹೋಲಿಸುತ್ತಾರೆ. ಅವರ ಅಭ್ಯಾಸಗಳಲ್ಲಿ ಈ ಬಗೆಯ ಹಾರಗಳು ಹಲವಿವೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 142857143ನ್ನು 7ರಿಂದ ಗುಣಿಸಿದರೆ ಎರಡು ಒಂದುಗಳ ನಡುವೆ ಎಂಟು ಸೊನ್ನೆಗಳು. ಕಲಿಯುವವನಿಗೆ ಇದರಿಂದ ಒಂದು ಅನುಕೂಲವಿದೆ. ಉತ್ತರ ಹಾರವಾಗದಿದ್ದರೆ ಲೆಕ್ಕ ತಪ್ಪಿದೆ ಎಂದು ಗುರುವಿನ ನೆರವಿಲ್ಲದೆ ಗೊತ್ತಾಗುತ್ತದೆ. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಪಾಠಕ್ರಮದ ಜಾಣ್ಮೆಗೆ ಮನಸ್ಸು ತಲೆಬಾಗುತ್ತದೆ.

ಹಾರ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ 441 ಮೊದಲ ಸುಳಿವು. ಅದು 21ರ ವರ್ಗ. 27994681 ಕೂಡ ಒಂದು ವರ್ಗವೇ. ಅದರ ವರ್ಗಮೂಲ 5291. ಎರಡು ವರ್ಗಗಳ ಗುಣಲಬ್ಧವೂ ವರ್ಗವಾಗಿರುವುದರಿಂದ 12345654321ರ ವರ್ಗಮೂಲ 5291ರ 21ರಷ್ಟು, ಅಂದರೆ 111111. ಆರು ಒಂದುಗಳ ಸಾಲನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆ ಬರುತ್ತದೆ.

ಇಷ್ಟು ತಿಳಿದ ಮೇಲೆ ಏರಿಳಿತದ ಕಾರಣ ಸ್ಪಷ್ಟ. 111111ನ್ನು 111111ರಿಂದ ಗುಣಿಸುವುದೆಂದರೆ ಆರು ಒಂದುಗಳ ಸಾಲನ್ನು ಆರು ಬಾರಿ, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆದು ಕೂಡಿಸುವುದು. ಬಲತುದಿಯ ಕಂಬದಲ್ಲಿ ಒಂದೇ ಒಂದು ಇದೆ, ಅದರ ಪಕ್ಕದ ಕಂಬದಲ್ಲಿ ಎರಡು, ಮುಂದಿನದರಲ್ಲಿ ಮೂರು. ಆರನೆಯ ಕಂಬದಲ್ಲಿ ಆರೂ ಸಾಲುಗಳು ಸೇರುತ್ತವೆ. ಅಲ್ಲಿಂದ ಮುಂದೆ ಒಂದೊಂದೇ ಸಾಲು ಮುಗಿಯುತ್ತ ಹೋಗುತ್ತದೆ. ಯಾವ ಕಂಬದ ಮೊತ್ತವೂ ಒಂಬತ್ತನ್ನು ದಾಟದಿರುವುದರಿಂದ ಪಕ್ಕದ ಸ್ಥಾನಕ್ಕೆ ದಶಕ ಒಯ್ಯುವ ಪ್ರಸಂಗವೇ ಇಲ್ಲ. ಹನ್ನೊಂದು ಕಂಬಗಳ ಎಣಿಕೆಯೇ ಹನ್ನೊಂದು ಅಂಕಿಗಳಾಗಿ ಉಳಿಯುತ್ತದೆ. ಅಂಕಿಗಳ ಮೊತ್ತ 36 ಆಗುವುದಕ್ಕೂ ಇದೇ ಕಾರಣ: ಆರು ಸಾಲು, ಸಾಲಿಗೆ ಆರು ಒಂದು.

ಒಂಬತ್ತು ಒಂದುಗಳವರೆಗೂ ಈ ಕ್ರಮ ನಡೆಯುತ್ತದೆ; 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಬಂದಾಗ ನಡುಗಂಬದ ಮೊತ್ತ ಹತ್ತಾಗುತ್ತದೆ. ಅಲ್ಲಿ ಸೊನ್ನೆ ಉಳಿದು ದಶಕ ಎಡಕ್ಕೆ ಹೋಗುತ್ತದೆ. ಎಡಗಡೆಯ ಒಂಬತ್ತು ಹತ್ತಾಗಿ ಅಲ್ಲೂ ಸೊನ್ನೆ ಉಳಿಯುತ್ತದೆ. ಅದರಾಚೆಯ ಎಂಟು ಒಂಬತ್ತಾಗುತ್ತದೆ. ಬರುವ ಉತ್ತರ 1234567900987654321. ಬಲಗಡೆಯ ಇಳಿತ ಹಾಗೆಯೇ ಇದೆ, ಎಡಗಡೆಯ ಏರಿಕೆಯಲ್ಲಿ ಮಾತ್ರ ಎಂಟು ಮಾಯವಾಗಿದೆ.

ದಶಕ ಒಯ್ಯದಿರುವುದೇ ಕಾರಣವಾದರೆ ಹಾರದ ರೂಪ ಹತ್ತರ ಬರಹಕ್ಕೆ ಮಾತ್ರ ಸೇರಿದ್ದಲ್ಲ ಎಂದಾಯಿತು. ಹತ್ತರ ಬದಲು ಎಂಟನ್ನು ಆಧಾರವಾಗಿಟ್ಟು ಎಣಿಸುವವರು 12345654321 ಎಂದು ಬರೆದರೆ ಅವರ ಮನಸ್ಸಿನಲ್ಲಿರುವುದು ನಮ್ಮ ಲೆಕ್ಕದ 1402427601. ಅದೂ ವರ್ಗವೇ, 37449ರ ವರ್ಗ. ಎಂಟರ ಬರಹದಲ್ಲಿ 37449 ಎಂದರೆ ಮತ್ತೆ ಆರು ಒಂದುಗಳು. ಏಳನ್ನು ಆಧಾರವಾಗಿಟ್ಟರೆ 384473664, ಅದು 19608ರ ವರ್ಗ. ಆರು ಎಂಬ ಅಂಕಿಗೆ ಜಾಗವಿರುವ ಯಾವ ಪದ್ಧತಿಯಲ್ಲೇ ಆಗಲಿ, ಅಂದರೆ ಏಳು ಮತ್ತು ಅದಕ್ಕಿಂತ ದೊಡ್ಡ ಯಾವ ಆಧಾರವನ್ನೇ ತೆಗೆದುಕೊಳ್ಳಲಿ, ಹೀಗೆ ಬರೆದ ಸಂಖ್ಯೆ ಪೂರ್ಣವರ್ಗವಾಗಿಯೇ ಇರುತ್ತದೆ.

ರೂಪದ ಮಾತು ಇಷ್ಟಾದರೆ, ಒಳಗಿನ ರಚನೆಯ ಮಾತು ಬೇರೆ. 1, 121, 12321, 1234321 ಎಂದು ಒಂಬತ್ತರ ಶಿಖರದವರೆಗೆ ಒಟ್ಟು ಒಂಬತ್ತು ಹಾರಗಳಿವೆ. ನೋಟದಲ್ಲಿ ಅವು ಅಕ್ಕತಂಗಿಯರು; ಅಪವರ್ತನ ಬಿಡಿಸಿದಾಗ ಆರರ ಹಾರದ ಬಳಿಗೆ ಉಳಿದ ಯಾವುದೂ ಬರಲಾರದು. ಐದು ಒಂದುಗಳ ಸಾಲು 41 ಮತ್ತು 271ರ ಗುಣಲಬ್ಧ, ಅಷ್ಟೇ. ಏಳು ಒಂದುಗಳದು 239 ಮತ್ತು 4649. ಆರು ಒಂದುಗಳ ಸಾಲು ಮಾತ್ರ 3, 7, 11, 13, 37 ಎಂಬ ಐದು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯುತ್ತದೆ, ಅದೂ ಪುಟ್ಟಪುಟ್ಟ ಅವಿಭಾಜ್ಯಗಳಾಗಿ. ಆರು ಎಂಬುದು ಎರಡರಿಂದಲೂ ಮೂರರಿಂದಲೂ ಭಾಗವಾಗುವ ಸಂಖ್ಯೆ. ಹಾಗಾಗಿ ಆರು ಒಂದುಗಳನ್ನು ಮೂರು ಮೂರರ ಎರಡು ಗುಂಪು ಮಾಡಿದರೆ ಅದು 111ರ 1001ರಷ್ಟು ಎಂದು ಕಾಣುತ್ತದೆ. ಎರಡೆರಡರ ಮೂರು ಗುಂಪು ಮಾಡಿದರೆ 11ರ 10101ರಷ್ಟು. ಮೊದಲನೆಯದರಲ್ಲಿ 111 ಎಂದರೆ 3 ಮತ್ತು 37ರ ಗುಣಲಬ್ಧ, 1001 ಎಂದರೆ 7, 11, 13ರ ಗುಣಲಬ್ಧ. ಐದೂ ಅಲ್ಲಿಗೆ ಬಂದವು.

ಹಾರವು ಈ ಸಾಲಿನ ವರ್ಗವಾದ್ದರಿಂದ ಅದರಲ್ಲಿ ಪ್ರತಿಯೊಂದು ಅವಿಭಾಜ್ಯವೂ ಎರಡೆರಡು ಸಲ ಇದೆ. ಒಂದು ಭಾಜಕವನ್ನು ಕಟ್ಟುವಾಗ ಐದರಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆಗಳು ಐದು ಬಾರಿ, ಒಟ್ಟು 243 ಭಾಜಕಗಳು. ಐದರ ಹಾರಕ್ಕೂ ಏಳರ ಹಾರಕ್ಕೂ ಇರುವ ಭಾಜಕಗಳು ಒಂಬತ್ತೊಂಬತ್ತೇ. ಎಂಟರದಕ್ಕೆ 81, ಬಲು ಉದ್ದವಾದ ಒಂಬತ್ತರ ಹಾರಕ್ಕೆ 45. ಮಹಾವೀರರು ಹಾರವನ್ನು ಆರಕ್ಕೇ ಏಕೆ ನಿಲ್ಲಿಸಿದರು ಎಂಬುದಕ್ಕೆ ಇಲ್ಲಿ ಉತ್ತರ ಇರಬಹುದು. ಎರಡು ವರ್ಗಗಳ ಗುಣಲಬ್ಧವಾಗಿ ಐದರ ಹಾರವನ್ನು ಎರಡೇ ರೀತಿಯಲ್ಲಿ ಬರೆಯಬಹುದು, ಅದರಲ್ಲೂ ಒಂದು ರೀತಿ ಒಂದರಿಂದ ಗುಣಿಸುವ ನೀರಸ ಲೆಕ್ಕ. ಆರರ ಹಾರಕ್ಕೆ ಅಂಥ ಹದಿನಾರು ರೀತಿಗಳಿವೆ. ಲೆಕ್ಕ ಹೆಣೆಯುವ ಗುರುವಿಗೆ ಇದಕ್ಕಿಂತ ವಿಶಾಲವಾದ ಆಯ್ಕೆ ಒಂಬತ್ತು ಹಾರಗಳಲ್ಲಿ ಇನ್ನೆಲ್ಲೂ ಸಿಗುವುದಿಲ್ಲ.

ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದರಿಂದಲೂ ಹಾರ ಭಾಗವಾಗುತ್ತದೆ ಎಂಬುದನ್ನು ಭಾಗಾಕಾರ ಮಾಡದೆ ಅಂಕಿಗಳಲ್ಲೇ ಓದಬಹುದು. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿದರೆ 321, 654, 345, 12 ಸಿಗುತ್ತವೆ. ಒಂದನ್ನು ಕೂಡುತ್ತ ಮುಂದಿನದನ್ನು ಕಳೆಯುತ್ತ ಹೋದರೆ, 321ರಿಂದ 654 ಕಳೆದು, 345 ಕೂಡಿ, 12 ಕಳೆದರೆ ಸರಿಯಾಗಿ ಸೊನ್ನೆ. ಸಂಖ್ಯೆ 1001ರಿಂದ, ಹಾಗಾಗಿ 7, 11, 13ರಿಂದ, ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಇದರ ಅರ್ಥ. ನಾಲ್ಕು ಗುಂಪುಗಳನ್ನೂ ಕೂಡಿಸಿದರೆ 1332. ಅದು 111ರ ಹನ್ನೆರಡರಷ್ಟು. ಆದ್ದರಿಂದ ಹಾರ 3 ಮತ್ತು 37ರಿಂದಲೂ ಭಾಗವಾಗುತ್ತದೆ.

ಮೂರರ ಗುಂಪುಗಳ ಬದಲು ಆರರ ಗುಂಪು ಮಾಡಿದರೆ ಇನ್ನೊಂದು ಚೆಲುವು ಕಾಣುತ್ತದೆ. ಎಡಗಡೆ 12345, ಬಲಗಡೆ 654321. ಎರಡನ್ನೂ ಕೂಡಿಸಿದರೆ 666666. ಇದು ಆಕಸ್ಮಿಕವಲ್ಲ. 111111ನ್ನು ಒಂಬತ್ತರಿಂದ ಭಾಗಿಸಿದರೆ ಭಾಗಲಬ್ಧ 12345, ಶೇಷ 6. ಈ ಸಂಗತಿಯನ್ನೇ 111111ರಿಂದ ಗುಣಿಸಿ ಹೇಳಿದರೆ, ನಮ್ಮ ಸಂಖ್ಯೆ 999999ರ 12345ರಷ್ಟು ಮತ್ತು ಅದರ ಮೇಲೆ 666666. ಇನ್ನೂ ಒಂದಿದೆ: 666666ರ ವರ್ಗವನ್ನು ಹಾರದ ಅಂಕಿಗಳ ಮೊತ್ತವಾದ 36ರಿಂದ ಭಾಗಿಸಿದರೆ ಹಾರವೇ ಮರಳಿ ಬರುತ್ತದೆ. ಆರರ ವರ್ಗ 36 ಎಂಬುದನ್ನು ನೆನೆದರೆ ಇದಕ್ಕೆ ಬೇರೆ ವಿವರಣೆ ಬೇಡ.

ಮಹಾವೀರರ ಲೆಕ್ಕದಲ್ಲಿ ಬಂದ 5291 ಎಂಬ ವರ್ಗಮೂಲಕ್ಕೂ ಪ್ರಸಿದ್ಧವಾದ ಇನ್ನೊಂದು ಸಂಖ್ಯೆಗೂ ನೆಂಟಸ್ತಿಕೆ ಇದೆ. 5291ನ್ನು 27ರಿಂದ ಗುಣಿಸಿದರೆ 142857. ಒಂದನ್ನು ಏಳರಿಂದ ಭಾಗಿಸುವಾಗ ಕೊನೆಯಿಲ್ಲದೆ ಮರುಕಳಿಸುವ ಆರು ಅಂಕಿಗಳು ಇವು; ಎರಡರಿಂದ, ಮೂರರಿಂದ, ಹೀಗೆ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು ಅದೇ ಸುತ್ತಿನಲ್ಲಿ ಜಾಗ ಬದಲಿಸಿ ಬರುತ್ತವೆ. ಮಹಾವೀರರ 27994681ನ್ನು 27ರ ವರ್ಗವಾದ 729ರಿಂದ ಗುಣಿಸಿದರೆ 142857ರ ವರ್ಗ ಸಿಗುತ್ತದೆ: 20408122449. ಅದನ್ನು 20408 ಮತ್ತು 122449 ಎಂದು ಎರಡು ತುಂಡು ಮಾಡಿ ಕೂಡಿಸಿದರೆ ಮತ್ತೆ 142857. ವರ್ಗದ ತುಂಡುಗಳ ಮೊತ್ತ ಮೂಲ ಸಂಖ್ಯೆಯೇ ಆಗುವ ಇಂಥವುಗಳಿಗೆ ಈಗ ಕಾಪ್ರೇಕರ್ ಸಂಖ್ಯೆಗಳೆಂದು ಹೆಸರು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದು ಬಾಳಿನುದ್ದಕ್ಕೂ ಸಂಖ್ಯೆಗಳ ಸ್ವಭಾವವನ್ನು ಅರಸಿದ ಡಿ.ಆರ್. ಕಾಪ್ರೇಕರ್ ಅವರ ನೆನಪಿಗೆ ಆ ಹೆಸರು ಬಂದಿದೆ.

ಹಾರ ಒಂದು ವರ್ಗವಾದ್ದರಿಂದ ಅದು 111111 ಭುಜದ ಚೌಕದ ಕ್ಷೇತ್ರಫಲ. ಒಂದರಿಂದ 222221ರವರೆಗಿನ ಬೆಸ ಸಂಖ್ಯೆಗಳನ್ನೆಲ್ಲ ಕೂಡಿಸಿದರೂ ಅದೇ ಬರುತ್ತದೆ. ವರ್ಗವನ್ನು ಹೀಗೆ ಬೆಸ ಸಂಖ್ಯೆಗಳ ಮೊತ್ತವಾಗಿ ಪಡೆಯುವ ನಿಯಮವೂ 'ಗಣಿತಸಾರಸಂಗ್ರಹ'ದಲ್ಲಿದೆ. ಇದು ಎಲ್ಲ ವರ್ಗಗಳಿಗೂ ಸಲ್ಲುವ ಮಾತು. ಈ ಸಂಖ್ಯೆಗೇ ಸಲ್ಲುವ ಮಾತು ಬೇರೊಂದಿದೆ: ಹಾರವನ್ನು ಎರಡು ವರ್ಗಗಳ ಮೊತ್ತವಾಗಿ ಒಡೆಯಬಹುದೇ? ಅಂದರೆ, ವಿಕರ್ಣ 111111 ಇರುವ, ಉಳಿದೆರಡು ಭುಜಗಳೂ ಪೂರ್ಣಸಂಖ್ಯೆಗಳಾಗಿರುವ ಲಂಬಕೋನ ತ್ರಿಭುಜ ಇದೆಯೇ?

ಇದನ್ನು ನಿರ್ಧರಿಸುವುದು ಐದು ಅವಿಭಾಜ್ಯಗಳನ್ನು ನಾಲ್ಕರಿಂದ ಭಾಗಿಸಿದಾಗ ಉಳಿಯುವ ಶೇಷ. 3, 7, 11 ಇವುಗಳಿಗೆ ಮೂರು ಉಳಿಯುತ್ತದೆ. ಅಂಥವುಗಳಿಂದ ತ್ರಿಭುಜದ ಅಳತೆ ಹಿಗ್ಗುತ್ತದೆಯೇ ಹೊರತು ಹೊಸ ತ್ರಿಭುಜ ಹುಟ್ಟುವುದಿಲ್ಲ. 13 ಮತ್ತು 37ಕ್ಕೆ ಒಂದು ಉಳಿಯುತ್ತದೆ. ಇಂಥ ಪ್ರತಿ ಅವಿಭಾಜ್ಯವೂ ವಿಕರ್ಣವಾಗಬಲ್ಲದು: 5, 12, 13 ಒಂದು ತ್ರಿಭುಜ, 12, 35, 37 ಇನ್ನೊಂದು. ಎರಡನ್ನೂ ಬೆಸೆದಾಗ 13 ಮತ್ತು 37ರ ಗುಣಲಬ್ಧವಾದ 481ನ್ನು ವಿಕರ್ಣವಾಗಿ ಉಳ್ಳ ನಾಲ್ಕು ತ್ರಿಭುಜಗಳು ಸಿಗುತ್ತವೆ. ಅವುಗಳ ಭುಜಗಳು 31 ಮತ್ತು 480, 156 ಮತ್ತು 455, 185 ಮತ್ತು 444, 319 ಮತ್ತು 360. ಉಳಿದ ಮೂರು ಅವಿಭಾಜ್ಯಗಳ ಗುಣಲಬ್ಧ 231ರಿಂದ ಇವುಗಳನ್ನು ಹಿಗ್ಗಿಸಿದರೆ ವಿಕರ್ಣ 111111 ಆಗುತ್ತದೆ. ಆಗ ಮೊದಲನೆಯ ತ್ರಿಭುಜದ ಭುಜಗಳು 7161 ಮತ್ತು 110880, ಮೂರನೆಯದರವು 42735 ಮತ್ತು 102564, ನಾಲ್ಕನೆಯದರವು 73689 ಮತ್ತು 83160. ಎರಡನೆಯ ಜೋಡಿಯನ್ನು ಮಾತ್ರ ನಿಧಾನವಾಗಿ ನೋಡಬೇಕು: 36036 ಮತ್ತು 105105. ಇವೆರಡರ ವರ್ಗಗಳನ್ನು ಕೂಡಿಸಿದರೆ 12345654321. ಮೂರೂ ಭುಜಗಳಲ್ಲಿ ಅಂಕಿಗಳು ಮರುಕಳಿಸುವ ಲಂಬಕೋನ ತ್ರಿಭುಜ ಇದು. 12, 35, 37ರ ತ್ರಿಭುಜವನ್ನು ಮೂರು ಸಾವಿರದ ಮೂರರಷ್ಟು ಹಿಗ್ಗಿಸಿದಾಗ ಬಂದದ್ದು.

ಇಂಥ ಒಂದೇ ಅಳತೆಯ ಎರಡು ತ್ರಿಭುಜಗಳನ್ನು ವಿಕರ್ಣದಲ್ಲಿ ಜೋಡಿಸಿದರೆ ಆಯತವಾಗುತ್ತದೆ, ವಿಕರ್ಣವೇ ಅದರ ಕರ್ಣ. ಒಂದೇ ಕರ್ಣಕ್ಕೆ ನಾಲ್ಕು ಆಯತಗಳು ಎಂಬ ವಿಷಯ ಮಹಾವೀರರಿಗೆ ಹೊಸದಾಗಿರಲಿಲ್ಲ. ಅವರ ಕ್ಷೇತ್ರಗಣಿತದಲ್ಲಿ ಕರ್ಣ 65 ಆಗಿರುವ ನಾಲ್ಕು ಆಯತಗಳು ಬರುತ್ತವೆ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಅಲ್ಲಿ 65 ಎಂಬುದು 5 ಮತ್ತು 13ರ ಗುಣಲಬ್ಧ. ನಾಲ್ಕರಿಂದ ಭಾಗಿಸಿದಾಗ ಎರಡಕ್ಕೂ ಒಂದೇ ಉಳಿಯುತ್ತದೆ. ನಾಲ್ಕು ಎಂಬ ಎಣಿಕೆ ಎರಡೂ ಕಡೆ ಒಂದೇ ಕಾರಣದಿಂದ ಬಂದಿದೆ.

ಕೊನೆಯದಾಗಿ ಹಾರದ ವ್ಯುತ್ಕ್ರಮ, ಅಂದರೆ ಒಂದನ್ನು 12345654321ರಿಂದ ಭಾಗಿಸಿದಾಗ ಬರುವ ದಶಮಾಂಶ. ಅದನ್ನು ಆರಾರು ಅಂಕಿಗಳ ಗುಂಪಾಗಿ ಬರೆದರೆ ಬಿಂದುವಿನ ಬಳಿಕ ಮೊದಲು ಆರು ಸೊನ್ನೆಗಳು. ಆಮೇಲೆ 000081, 000162, 000243, 000324, 000405. ಎಂಬತ್ತೊಂದರ ಮಗ್ಗಿ! ಇದರ ಕಾರಣ ಹಾರದ ಕಾರಣಕ್ಕೆ ತೀರ ಹತ್ತಿರದ್ದು. ಒಂದನ್ನು 111111ರಿಂದ ಭಾಗಿಸಿದರೆ ಐದು ಸೊನ್ನೆ ಒಂದು ಒಂಬತ್ತು, ಮತ್ತೆ ಐದು ಸೊನ್ನೆ ಒಂದು ಒಂಬತ್ತು ಎಂದು ಕೊನೆಯಿಲ್ಲದೆ ಸಾಗುವ ದಶಮಾಂಶ ಸಿಗುತ್ತದೆ. ಅದನ್ನು ಅದರಿಂದಲೇ ಗುಣಿಸುವಾಗ ಒಂಬತ್ತೊಂಬತ್ತಲೆ ಎಂಬತ್ತೊಂದು ಮೊದಲ ಕಂಬದಲ್ಲಿ ಒಮ್ಮೆ, ಎರಡನೆಯದರಲ್ಲಿ ಎರಡು ಸಲ, ಮೂರನೆಯದರಲ್ಲಿ ಮೂರು ಸಲ ಬೀಳುತ್ತದೆ. ಆರು ಒಂದುಗಳ ಸಾಲಿಗೆ ತುದಿಯಿತ್ತು, ಅದಕ್ಕೇ ಏರಿದ ಮೇಲೆ ಇಳಿಯಬೇಕಾಯಿತು. ಈ ಸಾಲಿಗೆ ತುದಿಯೇ ಇಲ್ಲ. ಆದ್ದರಿಂದ ಇಳಿತವೂ ಇಲ್ಲ, ಏರಿಕೆ ಮಾತ್ರ.

ಆದರೂ ಪ್ರತಿ ಗುಂಪಿಗೆ ಜಾಗ ಆರೇ ಅಂಕಿಗಳದು. 81ರ 12345ರಷ್ಟು ಎಂದರೆ 999945. ಮುಂದಿನದು 1000026, ಅದು ಆರು ಅಂಕಿಗಳಲ್ಲಿ ಹಿಡಿಸುವುದಿಲ್ಲ. ಅದರ ಮುಂದಿನ ಒಂದು ಎಡದ ಗುಂಪಿಗೆ ದಾಟಿ, 999945 ಇರಬೇಕಾದ ಕಡೆ 999946 ಕಾಣಿಸಿಕೊಳ್ಳುತ್ತದೆ. ಹಾರದ ಮೊದಲ ಐದು ಅಂಕಿಗಳೇ ಅದರ ವ್ಯುತ್ಕ್ರಮದ ಮಗ್ಗಿ ಮೊದಲು ಕದಲುವ ಜಾಗವನ್ನು ಸೂಚಿಸುತ್ತವೆ. ಅಲ್ಲಿಂದ ಮುಂದೆ 999999ನ್ನು ಮೀರಿದಾಗಲೆಲ್ಲ ಅಷ್ಟನ್ನು ಕಳೆದು ಮಗ್ಗಿ ನಡೆಯುತ್ತದೆ. 81ರ 37037ರಷ್ಟು ಎಂದರೆ 2999997, ಅದು ಸರಿಯಾಗಿ 999999ರ ಮೂರರಷ್ಟು. ಅದಕ್ಕಿಂತ ಮೊದಲು ಮಗ್ಗಿಯ ಯಾವ ಮೆಟ್ಟಿಲೂ 999999ರ ಅಪವರ್ತ್ಯದ ಮೇಲೆ ಬೀಳುವುದಿಲ್ಲ. ಹಾಗಾಗಿ 37037 ಗುಂಪುಗಳಾದ ಮೇಲೆ ದಶಮಾಂಶ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗುಂಪಿಗೆ ಆರರಂತೆ, ಒಂದು ಆವರ್ತದಲ್ಲಿರುವ ಅಂಕಿಗಳು ಒಟ್ಟು 222222.